ಗುಪ್ತ ಪರಿಶೀಲಕನೂ ಘೋಡಗೇರಿಯ ಬೆಲ್ಲವೂ

ನಮ್ಮ ಮನೆಯಲ್ಲಿ ಚಪ್ಪಲಿಗಳು ಕೂಡ ಎಡ ಬಲ ನೋಡಿಕೊಂಡು ನಿಲ್ಲುತ್ತವೆ. ಗೋಡೆಯ ಕ್ಯಾಲೆಂಡರು ತಿಂಗಳು ಬದಲಾದ ದಿನ ಬೆಳಗಿನ ಚಹಾಕ್ಕಿಂತ ಮೊದಲೇ ತಿರುಗುತ್ತದೆ. ಒಗೆದ ಟಾವೆಲ್ ತಂತಿಯ ಮೇಲೆ ಅಂಚಿಗೆ ಅಂಚು ಕೂಡಿಸಿಕೊಂಡೇ ಒಣಗಬೇಕು. ಕಾಲೇಜಿನಲ್ಲಿ ಆಹಾರ ಸಂಸ್ಕರಣೆಯ ಪಾಠ ಹೇಳಿ ನಿವೃತ್ತನಾಗಿ ಗೋಕಾಕದಲ್ಲಿ ನೆಲೆಸಿದ ಮೇಲೆ ಈ ಶಿಸ್ತಿನ ಕೈಗೆ ಸಿಕ್ಕವಳು ನನ್ನ ಹೆಂಡತಿ ಶಾಂತಾ ಒಬ್ಬಳೇ. ವಿದ್ಯಾರ್ಥಿಗಳಾದರೆ ಪಾಸಾಗಿ ತಪ್ಪಿಸಿಕೊಳ್ಳುತ್ತಿದ್ದರು. ಆಕೆಗೆ ಆ ಅನುಕೂಲ ಇಲ್ಲ.

ಇಂಥ ನನಗೆ ಒಂದು ಸಂಶೋಧನಾ ಪತ್ರಿಕೆಯ ಸಂಪಾದಕರು ಫೋನ್ ಮಾಡಿದರು. ಕಾಲೇಜಿನಲ್ಲಿ ನನಗಿಂತ ಕಿರಿಯರಾಗಿದ್ದವರು. ಒಂದು ಲೇಖನ ಬಂದಿದೆ, ಅಚ್ಚಾಗುವ ಮೊದಲು ಅದನ್ನು ವಿಷಯ ಬಲ್ಲ ಮೂವರು ಓದಿ ಅಭಿಪ್ರಾಯ ಕೊಡಬೇಕು, ಆ ಮೂವರಲ್ಲಿ ನೀವೊಬ್ಬರಾಗಿ ಎಂದರು. ಸೇವೆಯಲ್ಲಿ ಇದ್ದಷ್ಟು ಕಾಲ ಉತ್ತರ ಪತ್ರಿಕೆಗಳ ರಾಶಿಯಲ್ಲೇ ಮುಳುಗಿದ್ದ ನನಗೆ ಈ ಗೌರವ ಯಾರೂ ಕೊಟ್ಟಿರಲಿಲ್ಲ. ಒಪ್ಪಿಕೊಳ್ಳುವ ಮುಂಚೆ ಒಂದು ಕ್ಷಣ ಯೋಚಿಸಿದಂತೆ ಸುಮ್ಮನಿದ್ದೆ. ಅದು ಬರೀ ಮರ್ಯಾದೆಗೆ.

ಹಿಂದೆಯೇ ನಿಯಮಗಳು ಬಂದವು. ಓದುತ್ತ ಓದುತ್ತ ನನ್ನ ಕಣ್ಣು ತುಂಬಿತು. ಲೇಖನವನ್ನು ಯಾರಿಗೂ ತೋರಿಸಬಾರದು, ಯಾರೊಂದಿಗೂ ಚರ್ಚಿಸಬಾರದು. ಬರೆದವರ ಹೆಸರನ್ನು ತೆಗೆದು ಕಳಿಸಿರುತ್ತಾರೆ, ಅದನ್ನು ಪತ್ತೆ ಹಚ್ಚಲು ಹೋಗಬಾರದು. ಲೇಖನದೊಂದಿಗೆ ತನಗೆ ಯಾವ ಬಗೆಯ ಸಂಬಂಧ ಇದ್ದರೂ ಕೂಡಲೇ ತಿಳಿಸಿ ಹಿಂದೆ ಸರಿಯಬೇಕು. ಅವಧಿಯೊಳಗೆ ಮುಗಿಸಬೇಕು. ಬರೆಯುವಾಗ ಸೌಜನ್ಯ ಬಿಡಬಾರದು. ಎಂಥ ಶಿಸ್ತು! ಈ ನಿಯಮಗಳನ್ನು ನನ್ನನ್ನೇ ಎದುರಿಗೆ ಕೂರಿಸಿಕೊಂಡು ಬರೆದಂತಿತ್ತು.

ಸಂಪಾದಕರು ಕೊನೆಗೆ ಇನ್ನೊಂದು ಮಾತು ಹೇಳಿದ್ದರು.

"ತಡಾ ಮಾಡಬ್ಯಾಡ್ರಿ ಸರ್. ಇಂಥಾ ಲೇಖನ ಬಹಳ ಸಲ ಪಿಎಚ್‌ಡಿ ಮಾಡೋ ಹುಡುಗರದ ಇರತಾವ. ಇದು ಒಪ್ಪಿಗಿ ಆಗೂತನಕಾ ಅವರ ಪ್ರಬಂಧ ಮುಂದ ಹೋಗೂದಿಲ್ಲ. ಪಾಪ, ಯಾರದೋ ಜೀವನ ನಿಂತಿರತೈತಿ."

ಯಾರ ಜೀವನವೂ ನನ್ನ ಮೇಜಿನ ಮೇಲೆ ತಡವಾಗುವುದಿಲ್ಲ ಎಂದು ಭರವಸೆ ಕೊಟ್ಟೆ.

ಲೇಖನ ಬೆಲ್ಲದ ಬಗ್ಗೆ ಇತ್ತು. ಕಬ್ಬಿನ ಹಾಲು ಕುದಿಸುವಾಗ ಕೊಳೆ ತೆಗೆಯಲು, ಬಣ್ಣ ತಿಳಿಯಾಗಲು ಈಗ ಹಲವರು ಔಷಧದ ಪುಡಿ ಹಾಕುತ್ತಾರಲ್ಲ, ಅದರ ಬದಲು ಹಿಂದಿನವರಂತೆ ಬೆಂಡೆ ಗಿಡದ ಲೋಳೆ ಹಾಕಿದರೆ ಬೆಲ್ಲದ ಬಣ್ಣ, ರುಚಿ, ಬಾಳಿಕೆ ಹೇಗಿರುತ್ತದೆ ಎಂಬ ಅಧ್ಯಯನ. 'ಈ ಲೇಖನದೊಂದಿಗೆ ನಿಮಗೆ ಸಂಬಂಧವಿದೆಯೇ?' ಎಂದು ಕಂಪ್ಯೂಟರು ಕೇಳಿತು. ನನ್ನ ಹೆಂಡತಿಯ ತಮ್ಮ ಮಲ್ಲಪ್ಪನಿಗೆ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಬೆಲ್ಲದ ಗಾಣ ಇದೆ, ಖರೆ. ಆದರೆ ಗಾಣ ನಮ್ಮ ಸೀಮೆಯಲ್ಲಿ ಯಾರಿಗಿಲ್ಲ? ಬೆಲ್ಲದೊಂದಿಗೆ ನನ್ನ ಸಂಬಂಧ ಚಹಾಕ್ಕೆ ಮಾತ್ರ ಸೀಮಿತ. 'ಇಲ್ಲ' ಎಂದು ಒತ್ತಿದೆ. ಬಹಳ ನೆಟ್ಟಗೆ ಕೂತು ಒತ್ತಿದೆ.

ಪರದೆಯ ಮೇಲೆ ಓದಿ ನನಗೆ ರೂಢಿಯಿಲ್ಲ. ಕೆಂಪು ಪೆನ್ನು ಹಿಡಿಯದ ಹೊರತು ತಪ್ಪುಗಳು ಕಾಣಿಸುವುದಿಲ್ಲ. ಆದ್ದರಿಂದ ಕಾಗದದ ಮೇಲೆ ಇಳಿಸಬೇಕಿತ್ತು. ಆದರೆ ಗೋಕಾಕದ ಝೆರಾಕ್ಸ್ ಅಂಗಡಿಯವರೆಲ್ಲ ನನ್ನ ಪರಿಚಯದವರು, ಎಲ್ಲರೂ ಮಾತುಗಾರರು. ಗುಪ್ತತೆಯ ದೃಷ್ಟಿಯಿಂದ ಮೂಡಲಗಿಗೆ ಹೋಗುವುದೆಂದು ನಿರ್ಧರಿಸಿದೆ.

ಝೆರಾಕ್ಸಿಗೆ ಮೂಡಲಗಿಯ ತನಕ ಯಾಕೆ, ಬಜಾರದಲ್ಲಿ ಅಂಗಡಿ ಬಂದ್ ಆಗಿವೆಯೇ ಎಂದು ಶಾಂತಾ ಕೇಳಿದಳು. ಗುಪ್ತ ಕೆಲಸ ಎಂದೆ. ಆಕೆ ನನ್ನ ಹೆಗಲು ನೋಡಿದಳು.

"ಗುಪ್ತ ಕೆಲಸಕ್ಕ ಟಾವೆಲ್ ಯಾಕ್ರಿ?"

ಯಂತ್ರದಿಂದ ಹೊರಬರುವ ಹಾಳೆಗಳ ಮೇಲೆ ಮುಚ್ಚುವುದಕ್ಕೆ ಎಂದು ಹೇಳುವಂತಿರಲಿಲ್ಲ. ಬಿಸಿಲು ಎಂದೆ.

ಮೂಡಲಗಿಯಲ್ಲಿ ಬಸ್ಸಿಳಿದು ನನ್ನನ್ನು ಯಾರೂ ಗುರುತಿಸಲಾರದ ಒಂದು ಅಂಗಡಿ ಆರಿಸಿಕೊಂಡೆ. ಒಳಗೆ ಕಾಲಿಡುತ್ತಿದ್ದಂತೆ ಮಾಲೀಕ ಎದ್ದು ನಿಂತು ಕೈ ಮುಗಿದ. ದಸ್ತಗೀರ, ನನ್ನ ಹಳೆಯ ವಿದ್ಯಾರ್ಥಿ. "ಬರ್ರಿ ಸರ್, ಬರ್ರಿ" ಎಂದು ಕುರ್ಚಿ ಒರೆಸಿದ. ಅವನನ್ನು ಒಮ್ಮೆ ತಡವಾಗಿ ಬಂದದ್ದಕ್ಕೆ ತರಗತಿಯ ಹೊರಗೆ ನಿಲ್ಲಿಸಿದ್ದೆನಂತೆ. ಆ ಸಂಗತಿಯನ್ನು ಅಂಗಡಿಯಲ್ಲಿದ್ದವರಿಗೆಲ್ಲ ಪ್ರೀತಿಯಿಂದ ಹೇಳಿದ. ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು, ಅಂಗಡಿಯ ತುಂಬ ನೋಟ್ಸ್ ತೆಗೆಸಲು ಬಂದ ಹುಡುಗರು, ಹುಡುಗಿಯರು. ಈಗ ಅವರಿಗೆಲ್ಲ ಒಂದು ವಿಷಯ ಖಚಿತವಾಯಿತು: ಈ ಮುದುಕ ಮಾಸ್ತರ.

ನಾನು ಪೆನ್‌ಡ್ರೈವ್ ಕೊಟ್ಟೆ. ಪರದೆ ನೋಡಬೇಡ ಎಂದು ದಸ್ತಗೀರನಿಗೆ ಹೇಳಿದೆ. ನೋಡದೆ ಹೇಗೆ ತೆಗೆಯಲಿ ಎಂದು ಅವನು ಕೇಳಿದ. ನೋಡು, ಆದರೆ ಓದಬೇಡ ಎಂದೆ. ಆಮೇಲೆ ಟಾವೆಲ್ ಬಿಚ್ಚಿ ಪ್ರಿಂಟರಿನ ಮೇಲೆ ಹಾಕಿ, ಎರಡೂ ಕಡೆ ಅಂಚು ಸರಿಯಾಗಿ ಜೋಡಿಸಿ, ಅಡ್ಡಲಾಗಿ ನಿಂತುಕೊಂಡೆ.

ಹುಡುಗರೆಲ್ಲ ನೋಟ್ಸ್ ಬಿಟ್ಟು ಟಾವೆಲನ್ನೇ ನೋಡತೊಡಗಿದರು. ಟಾವೆಲಿನ ಕೆಳಗೆ ಹಾಳೆಗಳು ಒಂದೊಂದಾಗಿ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಒಬ್ಬ ಹುಡುಗಿ ಹತ್ತಿರ ಬಂದಳು. ಮುಖದಲ್ಲಿ ಬಹಳ ವಿನಯ.

"ಸರ್, ಕೆಮಿಸ್ಟ್ರಿ ಪೇಪರ್ ಏನ್ರಿ?"

ನಾನು ಗಾಬರಿಯಾದೆ. ಇದು ಆ ಪೇಪರ್ ಅಲ್ಲ, ಬೇರೆಯ ಪೇಪರ್, ಇದನ್ನು ಪರೀಕ್ಷೆ ಮಾಡುವವನ ಹೊರತು ಇನ್ನೊಬ್ಬರು ನೋಡುವಂತಿಲ್ಲ ಎಂದೆ. ಪ್ರತಿಯೊಂದು ಮಾತೂ ಸತ್ಯ. ಪ್ರತಿಯೊಂದು ಮಾತಿಗೂ ಹುಡುಗರು ಒಂದು ಹೆಜ್ಜೆ ಹತ್ತಿರ ಬಂದರು.

"ಪೂರಾ ಬ್ಯಾಡ್ರಿ ಸರ್," ಎಂದ ಹಿಂದಿನಿಂದ ಒಬ್ಬ. "ಐದು ಮಾರ್ಕಿಂದು ಒಂದ ಪ್ರಶ್ನಿ ಹೇಳ್ರಿ, ಸಾಕು."

ಹಾಳೆಗಳನ್ನು ಟಾವೆಲಿನಲ್ಲೇ ಗಂಟು ಕಟ್ಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದೆ. ನಡೆದೆ ಎಂದು ಬರೆಯುತ್ತಿದ್ದೇನೆ. ನೋಡಿದವರು ಬೇರೆ ಕ್ರಿಯಾಪದ ಬಳಸಿಯಾರು.

ನಾನು ಗೋಕಾಕ ತಲುಪುವ ಮುಂಚೆ ಸುದ್ದಿ ತಲುಪಿತ್ತು. ಸಂಜೆ ಬಾಜೂ ಮನೆಯ ಗೌರಕ್ಕ ತಾಟಿನ ಮೇಲೆ ತಾಟು ಮುಚ್ಚಿಕೊಂಡು ಬಂದರು. ಒಳಗೆ ಶೇಂಗಾ ಹೋಳಿಗೆ. ಅವರ ಮಗಳು ಈ ವರ್ಷ ಪಿಯುಸಿ ಪರೀಕ್ಷೆಗೆ ಕೂರುವವಳು. ಗೌರಕ್ಕ ಸೆರಗು ಸರಿಮಾಡಿಕೊಂಡು ದನಿ ತಗ್ಗಿಸಿದರು.

"ನಮ್ಮ ಹುಡುಗಿ ಯಾರ ಮುಂದೂ ಬಾಯಿ ಬಿಡೂದಿಲ್ರಿ ಸರ್. ಸೂಕ್ಷ್ಮ ಹೇಳಿದ್ರೂ ತಿಳ್ಕೋತಾಳ."

ನನ್ನ ಬಳಿ ಯಾವ ಪ್ರಶ್ನೆಪತ್ರಿಕೆಯೂ ಇಲ್ಲ ಎಂದೆ. ಅವರು ಜಾಣತನದಿಂದ ತಲೆಯಾಡಿಸಿ ತಾಟನ್ನು ಇನ್ನಷ್ಟು ಮುಂದೆ ಸರಿಸಿದರು. ಹೋಳಿಗೆಯ ಪರಿಮಳ ಬಂತು. ಕೈ ಚಾಚಿದವನು ಥಟ್ಟನೆ ನಿಂತೆ. ಅದರಲ್ಲಿ ಬೆಲ್ಲವಿದೆ! ಬೆಲ್ಲದ ಲೇಖನದ ಪರಿಶೀಲಕನೊಬ್ಬ ಆ ಅವಧಿಯಲ್ಲಿ ಇನ್ನೊಬ್ಬರಿಂದ ಬೆಲ್ಲ ಸ್ವೀಕರಿಸುವುದು ಯಾವ ಸೀಮೆಯ ನೀತಿ?

"ಸದ್ಯ ನಾ ಬೆಲ್ಲ ಮುಟ್ಟೂವಂಗಿಲ್ಲ ಗೌರಕ್ಕ," ಎಂದೆ ಗಂಭೀರವಾಗಿ.

ಗೌರಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೂ ಕೇಳದೆ, ತಾಟು ಶಾಂತಾಳ ಕೈಗಿಟ್ಟು ಹೋದರು. ಮರುದಿನದಿಂದ ನಮ್ಮ ಓಣಿಯಲ್ಲಿ ನನಗೆ ಸಕ್ಕರೆ ಕಾಯಿಲೆ. ಬೆಳಗಿನ ನಡಿಗೆಗೆ ಹೊರಟರೆ ಒಬ್ಬರು ಮೆಂತೆ ನೆನೆಸಿ ಕುಡಿಯಿರಿ ಎನ್ನುತ್ತಾರೆ, ಇನ್ನೊಬ್ಬರು ಹಾಗಲಕಾಯಿ ರಸ. ಮೂಲೆಯ ಮನೆಯವರು ಒಂದು ಲೋಟ ರಸವನ್ನು ಮಾಡಿಯೇ ತಂದರು. ಗುಪ್ತತೆ ಕಾಪಾಡುವ ಸಲುವಾಗಿ ಕುಡಿದೆ. ಪರಿಶೀಲಕರ ಜವಾಬ್ದಾರಿಗಳ ಬಗ್ಗೆ ಬರೆದವರು ಯಾರೂ ಹಾಗಲಕಾಯಿಯ ವಿಷಯ ಎತ್ತಿಲ್ಲ.

ಮನೆಯಲ್ಲಿಯೂ ಒಂದು ಕಾಯಿದೆ ಜಾರಿಗೆ ತಂದೆ. ಲೇಖನ ಮುಗಿಯುವ ತನಕ ನನ್ನೆದುರು ಯಾರೂ ಬೆಲ್ಲದ ಮಾತು ಎತ್ತಬಾರದು. ಯಾಕೆಂದರೆ ಬರೆದವರು ಯಾರೆಂಬುದರ ಸುಳಿವು ಎಲ್ಲಿಂದ ಬೇಕಾದರೂ ಹಾರಿಬಂದು ಕಿವಿಗೆ ಬೀಳಬಹುದು. ಶಾಂತಾ ಚಹಾಕ್ಕೆ ಏನು ಹಾಕಲಿ ಎಂದು ಕೇಳುವುದಕ್ಕೂ ಸನ್ನೆ ಮಾಡಬೇಕಾಯಿತು.

ಈ ಕಾಯಿದೆಗೆ ಮೊದಲು ಸಿಕ್ಕವನು ಘೋಡಗೇರಿಯ ಮಲ್ಲಪ್ಪ. ಫೋನಿನಲ್ಲಿ ಮಾತು ಶುರುಮಾಡಿದ್ದೇ ತಡ, ಹೋದ ವರ್ಷ ನಮ್ಮ ಗಾಣಕ್ಕೆ ಒಬ್ಬ ಹುಡುಗಿ ಬಂದಿದ್ದಳಲ್ಲ, ಅವಳು ಬೆಲ್ಲದ ಮೇಲೆ... ಎಂದು ಏನೋ ಹೇಳಹೊರಟ. ನಾನು ಅಲ್ಲೇ ಕತ್ತರಿಸಿದೆ.

"ಬೆಲ್ಲದ ಮಾತು ಬ್ಯಾಡ ಮಲ್ಲಪ್ಪ. ಮಳಿ ಬೆಳಿ ಬಗ್ಗೆ ಹೇಳು."

"ಈ ಬ್ಯಾಸಗ್ಯಾಗ ಎಲ್ಲಿ ಮಳಿರಿ ಮಾವಾರ?" ಎಂದ ಮಲ್ಲಪ್ಪ. ಸ್ವಲ್ಪ ಹೊತ್ತು ಇಬ್ಬರೂ ಇಲ್ಲದ ಮಳೆಯ ಬಗ್ಗೆ ಮಾತಾಡಿ ಫೋನ್ ಇಟ್ಟೆವು.

ಆಮೇಲೆ ಶಾಂತಾ ಎರಡು ಮೂರು ಸಲ "ಅಲ್ರೀ, ಆ ಹುಡುಗಿ ಏನಂದ್ರ" ಎಂದು ಬಾಯಿ ತೆರೆದಳು. ಪ್ರತಿ ಸಲವೂ ನಾನು ಅಂಗೈ ಎತ್ತಿ ತಡೆದೆ. ಕಾನೂನು ಹೆಂಡತಿಗೂ ಒಂದೇ, ಹೆಂಡತಿಯ ತಮ್ಮನಿಗೂ ಒಂದೇ.

ಇಷ್ಟೆಲ್ಲ ಬಂದೋಬಸ್ತಿನ ನಡುವೆ ಒಳಕೋಣೆಯ ಬಾಗಿಲು ಹಾಕಿಕೊಂಡು ಲೇಖನ ಓದಿದೆ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಶ್ರಮ ಪಟ್ಟು ಮಾಡಿದ ಕೆಲಸ. ಊರಿನ ಹೆಸರು ಕೊಟ್ಟಿರಲಿಲ್ಲ, 'ಉತ್ತರ ಕರ್ನಾಟಕದ ಒಂದು ಗಾಣ' ಎಂದಷ್ಟೇ ಇತ್ತು. ಎಲ್ಲಿಯದಿರಬಹುದು ಎಂಬ ಯೋಚನೆ ಒಮ್ಮೆ ಸುಳಿಯಿತು. ಕೂಡಲೇ ಎದ್ದು ಮುಖ ತೊಳೆದುಕೊಂಡು ಬಂದೆ.

ಆದರೆ ಕೊನೆಯ ಭಾಗದಲ್ಲಿ ಒಂದು ಕಡೆ ನನ್ನ ಪೆನ್ನು ನಿಂತಿತು. ಬೆಲ್ಲದ ರುಚಿ ನೋಡಿ ಅಂಕ ಕೊಡಲು ಊರಿನ ಕೆಲವರನ್ನು ಕೂರಿಸಿದ್ದರು. ಅವರ ಪೈಕಿ 'ಒಬ್ಬ ಹಿರಿಯ ನಾಗರಿಕರು ರುಚಿಗೆ ಸಂಬಂಧವಿಲ್ಲದ ಕಾರಣಗಳಿಗಾಗಿ ಅಂಕ ಕಳೆದುದರಿಂದ ಅವರ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ' ಎಂದು ಬರೆದಿತ್ತು.

ನನಗೆ ರೇಗಿತು. ಯಾರೀ ಬೇಜವಾಬ್ದಾರಿ ಮನುಷ್ಯ? ಒಂದು ಚಮಚ ಬೆಲ್ಲ ಬಾಯಿಗೆ ಹಾಕಿಕೊಂಡು ಸಿಹಿಯಾಗಿದೆಯೋ ಇಲ್ಲವೋ ಹೇಳಲು ಬಾರದವನನ್ನು ಕರೆದು ಕೂರಿಸಿದವರಾದರೂ ಯಾರು? ಬಿತ್ತನೆಯೇ ಸರಿ ಇಲ್ಲದ ಮೇಲೆ ಫಸಲನ್ನು ನಂಬುವುದು ಹೇಗೆ? ಇದರ ಜೊತೆಗೆ ಎಡಗಡೆಯ ಅಂಚು ಕೆಲವು ಪುಟಗಳಲ್ಲಿ ಒಳಕ್ಕೆ ಸರಿದಿತ್ತು, ಒಂದು ಕೋಷ್ಟಕದ ಗೆರೆ ಸೊಟ್ಟಗಿತ್ತು. ಇಂಥ ಸಂಗತಿಗಳು ನನ್ನ ಮನಸ್ಸಿಗೆ ಬೇಗ ತಾಗುತ್ತವೆ.

ಸೌಜನ್ಯ ಬಿಡಬಾರದೆಂಬ ನಿಯಮ ನೆನಪಿತ್ತು. ಆದ್ದರಿಂದ ಬೈಗುಳವನ್ನು ಪೂರ್ತಿ ಸೌಜನ್ಯದಲ್ಲೇ ಅದ್ದಿ ತೆಗೆದೆ. 'ಸದರಿ ಹಿರಿಯ ನಾಗರಿಕರನ್ನು ಯಾವ ಮಾನದಂಡದ ಮೇಲೆ ಆಯ್ಕೆ ಮಾಡಲಾಯಿತೆಂದು ಮಾನ್ಯ ಲೇಖಕರು ದಯಮಾಡಿ ವಿವರಿಸಬೇಕು. ಇಂಥ ವ್ಯಕ್ತಿಗೆ ಇನ್ನು ಮುಂದೆ ಮೌಲ್ಯಮಾಪನದ ಯಾವ ಕೆಲಸವನ್ನೂ ಕೊಡಬಾರದೆಂದು ಸವಿನಯವಾಗಿ ಸೂಚಿಸುತ್ತೇನೆ.' ಈ ವಾಕ್ಯವನ್ನು ಗಟ್ಟಿಯಾಗಿ ಓದಿಕೊಂಡೆ. ಬಹಳ ಹಿಡಿಸಿತು. ಲೇಖನವನ್ನು ತಿರಸ್ಕರಿಸಬಹುದು ಎಂದು ಶಿಫಾರಸು ಮಾಡಿ, ಅವಧಿಗೆ ಮುನ್ನವೇ ಕಳಿಸಿದೆ. ಆ ದಿನ ಊಟದಲ್ಲಿ ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಮಾರನೆಯ ವಾರ ಘೋಡಗೇರಿಗೆ ಹೊರಟೆವು. ಗಾಣದಲ್ಲಿ ಈ ಹಂಗಾಮಿನ ಕೊನೆಯ ಬೆಲ್ಲ ಇಳಿಸುವ ದಿನ, ಬೀಗರು ನೆಂಟರನ್ನೆಲ್ಲ ಕರೆದು ಊಟ ಹಾಕುವುದು ಮಲ್ಲಪ್ಪನ ಪದ್ಧತಿ. ನನ್ನ ಕೆಲಸ ಮುಗಿದಿದ್ದರಿಂದ ಬೆಲ್ಲದ ಮೇಲಿನ ನಿರ್ಬಂಧವನ್ನು ತೆರವುಗೊಳಿಸಿದ್ದೇನೆಂದು ಬಸ್ಸಿನಲ್ಲಿ ಶಾಂತಾಳಿಗೆ ತಿಳಿಸಿದೆ. ಆಕೆ ಕಿಟಕಿಯ ಹೊರಗೆ ನೋಡುತ್ತ ಒಳ್ಳೆಯದು ಎಂದಳು.

ಗಾಣದ ಅಂಗಳದಲ್ಲಿ ಕಡಾಯಿ ಕೊತಕೊತ ಕುದಿಯುತ್ತಿತ್ತು. ಬೆಂಡೆ ಗಿಡದ ದಂಟುಗಳನ್ನು ಜಜ್ಜಿ ನೀರಿನ ಬಾನಿಯಲ್ಲಿ ನೆನೆಹಾಕಿದ್ದರು. ಅದನ್ನು ನೋಡಿಯೂ ನನಗೇನೂ ಅನಿಸಲಿಲ್ಲ. ಅಷ್ಟು ಗಟ್ಟಿಯಾದ ತರಬೇತಿ! ಕೈಯಲ್ಲಿ ಕಬ್ಬಿನ ಹಾಲಿನ ಲೋಟ ಹಿಡಿದು ಬೇವಿನ ಮರದ ನೆರಳಿನಲ್ಲಿ ಕೂತೆ. ಒಬ್ಬ ಹುಡುಗಿ ಬಂದು ನಮಸ್ಕಾರ ಮಾಡಿದಳು.

"ಸರ್, ನೆನಪ ಐತೇನ್ರಿ? ನಾ ಸವಿತಾ. ಊರು ಕೌಜಲಗಿ. ಹೋದ ವರ್ಷ ಇದ ದಿವಸ ನಿಮಗ ಬೆಲ್ಲದ ವಾಟಿ ಕೊಟ್ಟಿದ್ದೆ."

ಮುಖ ನೆನಪಿರಲಿಲ್ಲ. ವಾಟಿಗಳು ನೆನಪಿದ್ದವು. ಹೌದು, ಹೋದ ವರ್ಷವೂ ಇಲ್ಲಿಗೆ ಊಟಕ್ಕೆ ಬಂದಿದ್ದೆವು. ಗದ್ದಲದ ನಡುವೆ ಒಬ್ಬ ಹುಡುಗಿ ಸಣ್ಣ ಸಣ್ಣ ವಾಟಿಗಳಲ್ಲಿ ಬೆಲ್ಲ ಇಟ್ಟು, ರುಚಿ ನೋಡಿ ಮಾರ್ಕ್ಸ್ ಹಾಕಿ ಸರ್ ಎಂದಿದ್ದಳು. ಯಾಕೆ ಏನು ಎಂದೂ ವಿವರಿಸಿದ್ದಳು. ಆದರೆ ವಾಟಿಗಳು ಸಾಲಾಗಿ ಇರಲಿಲ್ಲವಾದ್ದರಿಂದ ನನ್ನ ಗಮನ ಅವಳ ಮಾತಿನ ಮೇಲೆ ಇರಲಿಲ್ಲ. ಮಕ್ಕಳ ಆಟವೇನೋ ಅಂದುಕೊಂಡು ಮಾರ್ಕ್ಸ್ ಹಾಕಿ, ಸಹಿ ಮಾಡಿ ಊಟಕ್ಕೆ ಎದ್ದಿದ್ದೆ.

ಲೋಟ ತುಟಿಯ ಹತ್ತಿರವೇ ನಿಂತಿತು. ಸವಿತಾ ಸಂಕೋಚದಿಂದ ಮುಂದುವರಿಸಿದಳು.

"ತಪ್ಪ ತಿಳ್ಕೋಬ್ಯಾಡ್ರಿ ಸರ್. ನನ್ನ ಲೇಖನದಾಗ ನಿಮ್ಮ ಮಾರ್ಕ್ಸ್ ಬಿಟ್ಟೇನ್ರಿ. ಹೆಸರು ಹಾಕಿಲ್ರಿ, ಹಿರೇರು ಅಂತ ಅಷ್ಟ ಬರದೇನಿ."

ಪಕ್ಕದಲ್ಲಿ ಕೂತಿದ್ದ ಮಲ್ಲಪ್ಪನಿಗೆ ಹಳೆಯ ನಗು ಹೊಸದಾಗಿ ಬಂತು. "ಬಿಡದ ಏನ್ ಮಾಡ್ಯಾಳ್ರಿ ಮಾವಾರ? ವಾಟಿ ಸೊಟ್ಟ ಇಟ್ಟಾರಂತ ಮಾರ್ಕ್ಸ್ ಕಳದ್ರಿ. ತಡಾ ಮಾಡಿ ಸುರು ಮಾಡ್ಯಾರಂತ ಮತ್ತ ಕಳದ್ರಿ. ಎಲ್ಲಾ ಬೆಲ್ಲಕ್ಕೂ ಎರಡ ಎರಡ. ಬಾಯಿ ಮುಕ್ಕಳಸಾಕ ನೀರಿಟ್ಟಿದ್ಲು, ಆ ನೀರಿಗೆ ಹತ್ತಕ್ಕ ಹತ್ತು!"

ನೀರಿನ ಲೋಟಗಳು ಸಾಲಾಗಿ ನಿಂತಿದ್ದವು. ಅದು ನನಗೆ ಚೆನ್ನಾಗಿ ನೆನಪಿದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ, ಮುಖದ ಮೇಲೆ ಏನೋ ಚಲನೆ ಆಯಿತು. ಶಾಂತಾ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು. ನಗು ಅಡಗಿದ ಮೇಲೆ ಸವಿತಾ ತನ್ನ ಕಷ್ಟ ಹೇಳಿದಳು. ಅವರದು ಕುರಿ ಸಾಕುವ ಮನೆ. ಅವರ ಮನೆತನದಲ್ಲಿ ಇಷ್ಟು ಓದಿದವರು ಬೇರೆ ಯಾರೂ ಇಲ್ಲ. ಪ್ರಬಂಧ ಬರೆದು ಮುಗಿಸಿಟ್ಟಿದ್ದಾಳೆ, ಲೇಖನ ಒಪ್ಪಿಗೆಯಾದರೆ ಮಾತ್ರ ಅದು ಮುಂದೆ ಹೋಗುತ್ತದೆ.

"ನಮ್ಮಪ್ಪ ಕುರಿ ಹೊಡಕೊಂಡು ಎಲ್ಲೇ ಹೋಗಿರಲಿ ಸರ್, ಫೋನ್ ಹಚ್ಚಿ ಕೇಳತಾನ್ರಿ, 'ಆತೇನವಾ?' ಅಂತ. ದಿನಾ ಏನ್ ಹೇಳ್ಲಿ ಹೇಳ್ರಿ. ಲೇಖನ ಯಾರ ಕೈಯಾಗ ಐತೋ ಗೊತ್ತಿಲ್ಲ. ಅವರು ಹೆಂಥಾವ್ರ ಇರತಾರ್ರಿ ಸರ್, ಓದಾವ್ರು?"

ಶಾಂತಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕಡಾಯಿಯ ಕಡೆ ತಿರುಗಿದಳು.

"ಮನಷ್ಯಾರ ಇರತಾರವಾ," ಎಂದೆ ನಾನು. ಬೇರೆ ಏನು ಹೇಳಿದರೂ ಗುಪ್ತತೆಯ ಉಲ್ಲಂಘನೆಯಾಗುತ್ತಿತ್ತು.

ಊಟ ಹೇಗಾಯಿತೋ ತಿಳಿಯದು. ವಾಪಸು ಬಸ್ಸಿಗೆ ಕಾಯುತ್ತ ನಿಂತಾಗ ಶಾಂತಾ ಮಾತು ಶುರುಮಾಡಿದಳು.

"ಮೂರು ಸಲ ಹೇಳಾಕ ಬಂದೆ. ಮೂರೂ ಸಲ ಟ್ರಾಫಿಕ್ ಪೊಲೀಸರಂಗ ಕೈ ಎತ್ತಿದ್ರಿ."

ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಟಾವೆಲ್ ಹೊತ್ತು ಮೂಡಲಗಿಗೆ ಹೋದವರು, ಬೆಲ್ಲ ಎಂದರೆ ಬೆಚ್ಚಿಬೀಳುವವರು, ಬಾಗಿಲು ಹಾಕಿಕೊಂಡು ಯಾವನೋ ಹಿರಿಯ ನಾಗರಿಕನನ್ನು ಗಟ್ಟಿಯಾಗಿ ಬೈಯುವವರು, ಇದರಲ್ಲಿ ಗೊತ್ತಾಗದೆ ಇರುವುದೇನಿದೆ ಎಂದಳು. ಆದರೆ ಸವಿತಾಳ ಮುಂದಾಗಲಿ ತಮ್ಮನ ಮುಂದಾಗಲಿ ಒಂದು ಮಾತೂ ಆಡಿರಲಿಲ್ಲ. ಗುಪ್ತತೆಯ ನಿಯಮವನ್ನು ನಮ್ಮ ಮನೆಯಲ್ಲಿ ಪಾಲಿಸಿದವಳು ಆಕೆ ಒಬ್ಬಳೇ, ಅದೂ ಟಾವೆಲ್ ಇಲ್ಲದೆ.

ನಿಂತಲ್ಲೇ ನನ್ನ ಸ್ಥಿತಿಯನ್ನು ಪರಿಶೀಲಿಸಿಕೊಂಡೆ. ಬರೆದವರನ್ನು ಪತ್ತೆ ಹಚ್ಚಬಾರದು ಎಂಬ ನಿಯಮವನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದೆನೆಂದರೆ, ಸಂಬಂಧವಿದ್ದರೆ ತಿಳಿಸಬೇಕು ಎಂಬ ನಿಯಮ ಬಾಗಿಲ ಹೊರಗೆ ನಿಂತು ಬಡಿದುಕೊಂಡರೂ ತೆಗೆದಿರಲಿಲ್ಲ. ಸಂಬಂಧವಾದರೂ ಎಂಥದು? ಗಾಣ ನನ್ನ ಹೆಂಡತಿಯ ತಮ್ಮನದು. ನಾಲಿಗೆ ನನ್ನದೇ!

ಸುಮ್ಮನೆ ಇದ್ದುಬಿಡಬಹುದಿತ್ತು. ಸವಿತಾಳಿಗೆ ನಾನು ಯಾರೆಂದು ಎಂದೂ ತಿಳಿಯುವುದಿಲ್ಲ. ಅವಳ ಹೆಸರನ್ನು ನನ್ನಿಂದ ಮುಚ್ಚಿಟ್ಟ ಪದ್ಧತಿ ನನ್ನ ಮೂರ್ಖತನವನ್ನೂ ಅಷ್ಟೇ ಚೊಕ್ಕವಾಗಿ ಮುಚ್ಚಿಡುತ್ತಿತ್ತು. ಆದರೆ ಎಲ್ಲೋ ಕುರಿ ಹಿಂಡಿನ ಹಿಂದೆ ನಿಂತು 'ಆತೇನವಾ' ಎಂದು ಕೇಳುವ ಒಬ್ಬ ಮನುಷ್ಯನ ದನಿ ಕಿವಿಯಿಂದ ಹೋಗಲಿಲ್ಲ. ಬಸ್ಸು ಬಂತು. ಅದನ್ನು ಬಿಟ್ಟೆವು. ನಿಲ್ದಾಣದ ಹಿಂದೆ ಹೋಗಿ ಸಂಪಾದಕರಿಗೆ ಫೋನ್ ಹಚ್ಚಿದೆ.

ಮೊದಲು ಪೀಠಿಕೆ ಹಾಕಿದೆ. ಪರಿಶೀಲಕರ ನೈತಿಕ ಹೊಣೆಗಾರಿಕೆ ಎಷ್ಟು ಗುರುತರವಾದದ್ದು ಎಂದು ವಿವರಿಸಿದೆ. ಅವರು ಹೂಂಗುಟ್ಟಿದರು. ಆ ಲೇಖನದೊಂದಿಗೆ ನನಗೆ ಸಂಬಂಧವಿರುವುದು ಈಗ ಗೊತ್ತಾಗಿದೆ, ನನ್ನ ವರದಿಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದೆ. ಎಂಥ ಸಂಬಂಧ ಎಂದು ಕೇಳಿದರು. ಆಗ ಅನಿವಾರ್ಯವಾಗಿ ಹೇಳಬೇಕಾಯಿತು.

"ಆ ಹಿರಿಯ ನಾಗರಿಕ ನಾನ ರೀ."

ಆ ಕಡೆಯಿಂದ ಕೆಮ್ಮು ಕೇಳಿಸಿತು. ಆ ಕೆಮ್ಮು ಬೇಗ ನಿಲ್ಲಲಿಲ್ಲ.

ದನಿ ತಹಬಂದಿಗೆ ಬಂದ ಮೇಲೆ ಅವರು ಹೇಳಿದ್ದು ಇಷ್ಟು. ಉಳಿದ ಇಬ್ಬರು ಲೇಖನವನ್ನು ಮೆಚ್ಚಿ ಒಪ್ಪಿಗೆ ಕೊಟ್ಟಿದ್ದಾರೆ. ನನ್ನ ವರದಿ ಮಾತ್ರ ಬಹಳ ದೂರ ಹೋಗಿ ನಿಂತಿದೆ. ಹಾಗಾಗಿ ಇನ್ನೊಬ್ಬರಿಗೆ ಕಳಿಸಬೇಕೆಂದಿದ್ದರು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಈಗ ಅದು ಬೇಕಾಗಿಲ್ಲ.

"ನೀವ ಫೋನ್ ಹಚ್ಚಿದ್ದು ಚಲೋ ಆತು ಸರ್. ನಿಮ್ಮ ವರದಿ ಲೆಕ್ಕಕ್ಕ ತಗೊಳೂದಿಲ್ಲ." ಮತ್ತೆ ಸ್ವಲ್ಪ ಕೆಮ್ಮಿದರು. "ಮತ್ತ ಆ ಹಿರೇರಿಗೆ ಇನ್ ಮುಂದ ಮೌಲ್ಯಮಾಪನದ ಕೆಲಸ ಕೊಡಬ್ಯಾಡ್ರಿ ಅಂತ ಒಂದ ಸೂಚನಾ ಬಂದೈತಿ. ಅದನ್ನ ಮಾತ್ರ ಪಾಲಸ್ತೇವಿ. ಭಾಳ ಸವಿನಯವಾಗಿ ಬರದಾರ."

ಒಂದೇ ಲೇಖನದಿಂದ ಎರಡು ಸಲ ತೆಗೆದುಹಾಕಲ್ಪಟ್ಟ ಮನುಷ್ಯ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ಬೇರೊಬ್ಬ ಇರಲಿಕ್ಕಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಮಲ್ಲಪ್ಪ ಬಂದ. ಸವಿತಾಳ ಲೇಖನ ಒಪ್ಪಿಗೆಯಾಗಿ ಪ್ರಬಂಧ ಮುಂದೆ ಹೋದ ಸಂತೋಷಕ್ಕೆ ಅವಳು ಮಲ್ಲಪ್ಪನ ಗಾಣದ್ದೇ ಬೆಂಡೆ ಲೋಳೆಯ ಬೆಲ್ಲದ ಒಂದು ಪೆಂಟಿಯನ್ನು ನಮಗೂ ಕಳಿಸಿದ್ದಳು. ಅವಳ ತಂದೆ ಕುರಿ ಬಿಟ್ಟು ಊರಿಗೆ ಬಂದು ಓಣಿಗೆಲ್ಲ ಚುರುಮುರಿ ಬೆಲ್ಲ ಹಂಚಿದನಂತೆ. ಶಾಂತಾ ಅದೇ ಬೆಲ್ಲದಿಂದ ಚಹಾ ಮಾಡಿದಳು. ಮಗಳು ಪರೀಕ್ಷೆಯಲ್ಲಿ ತನ್ನ ಸ್ವಂತ ಶಕ್ತಿಯಿಂದಲೇ ಪಾಸಾಗಿದ್ದರಿಂದ ನನ್ನನ್ನು ಕ್ಷಮಿಸಿದ್ದ ಗೌರಕ್ಕನೂ ಬಂದು ಕೂತಿದ್ದರು. ನಾನು ಒಂದು ಗುಟುಕು ಕುಡಿದೆ. ಎರಡನೆಯದನ್ನೂ ಕುಡಿದೆ. ಬೆಲ್ಲ ನಿಜಕ್ಕೂ ಚೆನ್ನಾಗಿತ್ತು. ಹತ್ತಕ್ಕೆ ಹತ್ತು.

"ಹೆಂಗೈತ್ರಿ ಬೆಲ್ಲಾ?" ಎಂದು ಶಾಂತಾ ಕೇಳಿದಳು.

ನಾನು ಕಪ್ಪು ಕೆಳಗಿಟ್ಟು ನೆಟ್ಟಗೆ ಕೂತೆ. ಈ ಬೆಲ್ಲದೊಂದಿಗೆ ನನಗೆ ಹಲವು ಬಗೆಯ ಸಂಬಂಧವಿದೆ, ಮಾಡಿದವರೂ ಸಂಬಂಧಿಕರು, ಚಹಾ ಕುದಿಸಿದವರಂತೂ ಹತ್ತಿರದ ಸಂಬಂಧಿಕರು, ಆದ್ದರಿಂದ ಅಭಿಪ್ರಾಯ ಕೊಡುವುದು ನೈತಿಕವಾಗಿ ಸರಿಯಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಶಾಂತಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಿಮ್ಮನ್ನ ಯಾರ್ ಕೇಳ್ಯಾರ್ರಿ? ನಾ ಗೌರಕ್ಕಗ ಕೇಳಿದ್ದು."